ಮನೆಯೊಳಗಿನ ಚಪ್ಪಲಿ

ಮನುಷ್ಯರನ್ನು ಬದಲಾಯಿಸುವ ಕೆಲಸಕ್ಕೆ ಸಂಬಳ ಕೊಡುತ್ತಾರೆ ಎಂದರೆ ನಮ್ಮೂರಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು "ಎಂತ ಕೆಲ್ಸ ನಿಮ್ದ್?" ಎಂದು ಕೇಳಿದರೆ ನಾನು "ಆಸ್ಪತ್ರೆ ಬದಿಯದ್ದು" ಎಂದು ಹೇಳಿ ಕಿಟಕಿಯ ಕಡೆ ತಿರುಗಿಬಿಡುತ್ತೇನೆ. ಪೂರ್ತಿ ಹೇಳುವಷ್ಟು ಉಸಿರು ಈಗ ಉಳಿದಿಲ್ಲ. ಬ್ರಹ್ಮಾವರದ ಕಚೇರಿಯಿಂದ ಹೊರಟು ಕುಂದಾಪುರ ದಾಟಿ ಬೈಂದೂರಿನ ತನಕ, ಹೆದ್ದಾರಿಯ ಆಚೆ ಈಚೆ ಇರುವ ಊರುಗಳಲ್ಲಿ ಸಕ್ಕರೆ ಕಾಯಿಲೆ ಇರುವವರ ಮನೆ ಹತ್ತಿ ಇಳಿಯುವುದು ನನ್ನ ಕೆಲಸ. ಅವರ ಕಾಲು ನೋಡುವುದು, ಬುದ್ಧಿ ಹೇಳುವುದು, ಮುಂದಿನ ತಿಂಗಳು ಮತ್ತೆ ಹೋಗಿ ಅದೇ ಕಾಲು ನೋಡಿ ಅದೇ ಬುದ್ಧಿ ಹೇಳುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎನ್ನುತ್ತಾರಲ್ಲ, ಅದನ್ನು ನಾನು ತಿಂಗಳ ಸಂಬಳಕ್ಕೆ ಮಾಡುತ್ತಿದ್ದೇನೆ.

ಕಾಲು ಏಕೆ ಎಂದು ಹೇಳಬೇಕು. ಸಕ್ಕರೆ ಕಾಯಿಲೆ ಹಳೆಯದಾದರೆ ಅಂಗಾಲಿಗೆ ಸ್ಪರ್ಶವೇ ಗೊತ್ತಾಗುವುದಿಲ್ಲ. ಮುಳ್ಳು ಹೊಕ್ಕರೂ ಇಲ್ಲ, ಕೆಂಡ ಮೆಟ್ಟಿದರೂ ಇಲ್ಲ. ಗೊತ್ತಾಗುವಷ್ಟರಲ್ಲಿ ಗಾಯ ಕೀವಾಗಿ ಎಲುಬಿಗೆ ಇಳಿದಿರುತ್ತದೆ. ಆಮೇಲೆ ಬೆರಳು ತೆಗೆಯುತ್ತಾರೆ, ಅದು ಸಾಲದಿದ್ದರೆ ಕಾಲು. ಇದನ್ನು ತಪ್ಪಿಸಲು ಒಂದು ಸುಲಭದ ದಾರಿ ಇದೆ. ಬರಿಗಾಲಲ್ಲಿ ನಡೆಯಬಾರದು. ಮನೆಯೊಳಗೂ ನಡೆಯಬಾರದು. ಹೆಚ್ಚಿನ ಗಾಯ ಆಗುವುದು ಮನೆಯೊಳಗೇ, ಏಕೆಂದರೆ ಹೊರಗೆ ಹೇಗೂ ಚಪ್ಪಲಿ ಇರುತ್ತದೆ.

ಸುಲಭ! ಮಳೆಗಾಲದ ನಡುವಿನ ಸೋಣೆ ತಿಂಗಳಲ್ಲಿ ಹೊಸ್ತಿಲಿಗೆ ಹೂವಿಟ್ಟು ಆರತಿ ಎತ್ತುವ ಊರಲ್ಲಿ, ಹೊಸ್ತಿಲನ್ನೇ ಅಜ್ಜಿ ಎಂದು ಕರೆಯುವ ಜನಕ್ಕೆ, ಆ ಅಜ್ಜಿಯ ತಲೆ ದಾಟಿ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಿ ಎಂದು ಹೇಳಬೇಕಿತ್ತು ನಾನು.

ಹೇಳುವುದಕ್ಕೆ ಮೊದಲು ನಮಗೆ ತರಬೇತಿ ಆಯಿತು. ಕಲಿಸಲು ಬಂದವನು ಚಿಕ್ಕ ಪ್ರಾಯದವನು, ಒಳ್ಳೆಯ ಹುಡುಗ, ಊಟದ ಹೊತ್ತಿಗೆ ತಟ್ಟೆ ಹಿಡಿದು ನಮ್ಮ ಸಾಲಲ್ಲೇ ನಿಲ್ಲುತ್ತಿದ್ದ. ಅವನು ಹಲಗೆಯ ಮೇಲೆ ಏಣಿ ಬರೆದ. ಮನುಷ್ಯ ಒಂದೇ ಹಾರಿಗೆ ಬದಲಾಗುವುದಿಲ್ಲ ಎಂದ. ಮೊದಲು ಅವನಿಗೆ ಅದರ ಯೋಚನೆಯೇ ಇರುವುದಿಲ್ಲ, ಆಮೇಲೆ ಯೋಚನೆ ಬರುತ್ತದೆ, ಆಮೇಲೆ ತಯಾರಿ, ಆಮೇಲೆ ಮಾಡುತ್ತಾನೆ, ಕೊನೆಗೆ ಮಾಡುತ್ತಲೇ ಇರುತ್ತಾನೆ. ಯಾರು ಯಾವ ಮೆಟ್ಟಿಲಲ್ಲಿ ಇದ್ದಾರೆ ಎಂದು ನೋಡಿ ಅಲ್ಲಿಗೆ ತಕ್ಕ ಮಾತು ಆಡಬೇಕು. ಇನ್ನೊಂದು ಚಿತ್ರವನ್ನೂ ಬರೆದ. ಈ ಅಪಾಯ ನನಗೆ ಬರುತ್ತದೆ ಎಂದು ಅವರಿಗೆ ಅನ್ನಿಸಬೇಕು, ಹೀಗೆ ಮಾಡಿದರೆ ಲಾಭ ಉಂಟು ಎಂದು ಅನ್ನಿಸಬೇಕು, ಮಾಡಲು ಅಡ್ಡಿ ಏನಿದೆ ಎಂದು ನಾವು ಕೇಳಿ ತಿಳಿಯಬೇಕು. ನಾನು ಹಿಂದಿನ ಬೆಂಚಿನಲ್ಲಿ ಕೂತು ಗೊಣಗುತ್ತಿದ್ದೆ. ಇದನ್ನೆಲ್ಲ ನಮ್ಮ ಮೀನು ಮಾರುವ ಹೆಂಗಸರು ಗಿರಾಕಿಯ ಮುಖ ನೋಡಿಯೇ ಮಾಡುತ್ತಾರಲ್ಲ ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದೆ. ಆದರೆ ಸುಳ್ಳು ಏಕೆ ಹೇಳಲಿ, ಆ ಏಣಿ ನನಗೆ ಉಪಕಾರವನ್ನೇ ಮಾಡಿತು. ಅದುವರೆಗೆ ನಾನು ಎಲ್ಲರಿಗೂ ಒಂದೇ ಸ್ವರದಲ್ಲಿ ಬೈಯುತ್ತಿದ್ದೆ.

ನಮಗೆ ಸಂಬಳ ಕೊಡುವ ಯೋಜನೆಯವರು ಮೆತ್ತನೆಯ ಅಡಿಯ ಚಪ್ಪಲಿ ಹಂಚಿದರು. ಮುಂದಿನ ತಿಂಗಳು ಹೋಗಿ ನೋಡಿದರೆ ಎಲ್ಲರ ಮನೆಯಲ್ಲೂ ಅದು ಜಗಲಿಯ ಕೆಳಗೆ, ಉಳಿದ ಚಪ್ಪಲಿಗಳ ಸಾಲಿನಲ್ಲಿ, ಬಹಳ ಮರ್ಯಾದೆಯಿಂದ ಕೂತಿತ್ತು. ಕೆರಾಡಿಯ ಒಬ್ಬ ಯಜಮಾನರು ಅದನ್ನು ಪ್ಲಾಸ್ಟಿಕ್ ಸಮೇತ ಅಟ್ಟದಲ್ಲಿ ಇಟ್ಟಿದ್ದರು. "ಮೊಮ್ಮಗ್ಳ್ ಮದಿಗ್ ಹಾಯ್ಕಂಬ ಅಂದೇಳಿ" ಎಂದರು. ಮದುವೆಗೆ ಎತ್ತಿಟ್ಟ ಚಪ್ಪಲಿ! ನಕ್ಕೆ, ಆಮೇಲೆ ಸುಸ್ತಾಯಿತು.

ಆಗ ಏಣಿಯ ಹುಡುಗ ಹೇಳಿದ ಹಾಗೆ ಅಡ್ಡಿ ಏನು ಎಂದು ಕೇಳುತ್ತಾ ಹೋದೆ. ಎಲ್ಲರ ಅಡ್ಡಿ ಒಂದೇ, ಹೊರಗಿನ ಚಪ್ಪಲಿ ಒಳಗೆ ಬರಬಾರದು, ದೇವರ ಕೋಣೆ ಇದೆ. ಹಟ್ಟಿಯಂಗಡಿಯ ಹತ್ತಿರದ ಒಬ್ಬ ಟೀಚರಮ್ಮ ಇದಕ್ಕೊಂದು ಉಪಾಯ ಹುಡುಕಿದರು. ಹೊಸ ಚಪ್ಪಲಿಯನ್ನು ತೊಳೆದು, ಅಂಗಳವನ್ನೇ ಮೆಟ್ಟಿಸದೆ ಸೀದಾ ಕೈಯಲ್ಲಿ ಒಳಗೆ ತಂದು, ಹಾಸಿಗೆಯ ಬದಿಯಲ್ಲಿ ಇಟ್ಟರು. ಹೊರಗೆ ಹೋಗದ ಚಪ್ಪಲಿ ಚಪ್ಪಲಿಯೇ ಅಲ್ಲ ಎಂದು ಅವರ ವಾದ. ದೇವರ ಕೋಣೆಯ ಮುಂದೆ ಒಂದು ಹಳೆ ಚಾಪೆ ಹಾಕಿ, ಅಲ್ಲಿ ಮಾತ್ರ ಬಿಚ್ಚುವುದು. ನಾನು ಆ ಉಪಾಯವನ್ನು ಬಸ್ಸಿನಲ್ಲಿ ಹೊತ್ತು ಊರೂರಿಗೆ ಮಾರಿದೆ. ಕೆರಾಡಿಯ ಯಜಮಾನರೂ ಅಟ್ಟದಿಂದ ಇಳಿಸಿದರು. ಒಬ್ಬೊಬ್ಬರೇ ಮೆಟ್ಟಿಲು ಹತ್ತುವುದನ್ನು ನೋಡುವಾಗ ನನಗೆ ಖುಷಿಯಾಗುತ್ತಿತ್ತು.

ಒಬ್ಬಳು ಮಾತ್ರ ಕೆಳಗೇ ನಿಂತಳು. ಅವಳು ನನ್ನ ಅಕ್ಕ.

ಅಕ್ಕ ತ್ರಾಸಿಯಲ್ಲಿ, ಹೆದ್ದಾರಿಯಿಂದ ಕಡಲ ಬದಿಗೆ ಇಳಿಯುವ ದಾರಿಯಲ್ಲಿ ಇರುವುದು. ಬಾವ ಹೋದ ಮೇಲೆ ಮೀನು ಮಾರಿಯೇ ಮಗನನ್ನು ಸಾಕಿದಳು. ಮಗ ಈಗ ಬೋಟಿಗೆ ಹೋಗುತ್ತಾನೆ, ಒಮ್ಮೆ ಹೋದರೆ ಎಷ್ಟೋ ದಿನ ನೀರ ಮೇಲೆ. ಅವನೇ ಕಟ್ಟಿಸಿದ ತಾರಸಿ ಮನೆ, ಒಳಗೆಲ್ಲ ಬಿಳಿ ಟೈಲ್ಸು. ಅಕ್ಕ ಇಷ್ಟಾದರೂ ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಎಡಗಾಲಿನ ಕಿರುಬೆರಳು ಆಗಲೇ ಹೋಗಿತ್ತು. ಅದನ್ನು ತೆಗೆದ ಡಾಕ್ಟರು ನನ್ನನ್ನು ಹೊರಗೆ ಕರೆದು, ಈ ಕಾಲಿಗೆ ಇನ್ನೊಂದು ಗಾಯ ಆದರೆ ಬೆರಳಿನಲ್ಲಿ ಮುಗಿಯುವುದಿಲ್ಲ, ಮೊಣಕಾಲಿನ ಕೆಳಗೆ ತೆಗೆಯಬೇಕಾದೀತು ಎಂದಿದ್ದರು. ನಾನು ಅಕ್ಕನಿಗೆ ಅದನ್ನು ಬಚ್ಚಿಡದೆ ಹೇಳಿದ್ದೆ. ಏಣಿ ಗೀಣಿ ಇಲ್ಲದೆ, ನೇರ ಮುಖಕ್ಕೆ.

"ಕೇಂಡೆ. ಆಯ್ತಲೆ," ಎಂದಳು. ಕೇಳಿಸಿಕೊಂಡಳು, ಚಪ್ಪಲಿ ಹಾಕಲಿಲ್ಲ.

ಹಿತ್ತಲ ಗಿಡ ಮದ್ದಲ್ಲ. ಊರಿಗೆಲ್ಲ ಬುದ್ಧಿ ಹೇಳುವ ತಂಗಿಯ ಮಾತು ಅವಳಿಗೆ ಬೇಡ. ಟೀಚರಮ್ಮನ ಉಪಾಯ ಹೇಳಿದೆ. "ಅವ್ರ್ ದೊಡ್ ಜನ, ಅವ್ರಿಗ್ ದೇವ್ರ್ ಎಂತ ಅಂಬುದಿಲ್ಲೆ" ಎಂದಳು. ಪೂಜೆಯ ಭಟ್ಟರನ್ನೇ ಕೇಳಿಸಿದೆ. ಕಾಯಿಲೆಯವರಿಗೆ ದೋಷವಿಲ್ಲ ಎಂದು ಅವರು ಹೇಳಿದರು. "ಭಟ್ರಿಗೆಂತ, ಹೇಳ್ತ್ರ್" ಎಂದಳು. ಮನೆಯವರ ಹತ್ತಿರ ದಿನಾ ಅಂಗಾಲು ತೋರಿಸು ಎಂದೆ. "ನನ್ ಕಾಲ್ ಇನ್ನೊಬ್ರ್ ಕಾಂಬುದಾ?" ಎಂದು ಸೀರೆಯ ನೆರಿಗೆ ಕೆಳಗೆಳೆದಳು. ನನಗೆ ಸಿಟ್ಟು ನೆತ್ತಿಗೇರಿ, "ಹಂಗಾರೆ ಕಾಲ್ ಕೊಯ್ಸ್ಕಂಡ್ ಕೂಕೊ!" ಎಂದು ಕೂಗಿ, ಕೊಟ್ಟ ಚಾ ಕುಡಿಯದೆ ಬಂದೆ.

ನಿಜ ಸಂಗತಿ ಹೇಳಿದ್ದು ಅಕ್ಕನ ಸೊಸೆ.

ಸೊಸೆ ಮುಂಬೈಯಲ್ಲಿ ಹುಟ್ಟಿ ಬೆಳೆದವಳು. ಅವಳ ಅಪ್ಪ ಇಲ್ಲಿಯವರೇ, ಅಲ್ಲಿ ಕ್ಯಾಂಟೀನಿನಲ್ಲಿ ಇದ್ದವರು. ಅಂದು ಅವಳು ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡುವ ನೆಪದಲ್ಲಿ ಹಿಂದೆಯೇ ಬಂದಳು.

"ಚಿಕ್ಕಮ್ಮ, ಅತ್ತೆ ದೇವ್ರಿಗೆ ಹೆದ್ರುದಲ್ಲ," ಎಂದಳು. "ನಂಗೆ ಹೆದ್ರುದ್."

"ನಿಂಗೆ ಎಂತಕೆ?"

ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಮನೆಯೊಳಗೆ ಚಪ್ಪಲಿ ಹಾಕುತ್ತಿದ್ದಳಂತೆ. ಮುಂಬೈಯ ಅಭ್ಯಾಸ. ಮಳೆಗಾಲದ ಟೈಲ್ಸು ಮಂಜುಗಡ್ಡೆಯ ಹಾಗಿರುತ್ತದೆ, ಅವಳಿಗೆ ಹಿಮ್ಮಡಿ ಸೆಳೆಯುತ್ತಿತ್ತು. ಅಕ್ಕ ಅದನ್ನು ನೋಡಿ, ನೆಂಟರು ತುಂಬಿದ ಮನೆಯಲ್ಲಿ, ಎಲ್ಲರೆದುರು ಬಿಚ್ಚಿಸಿದ್ದಳು. ಬಿಚ್ಚಿಸಿದ್ದು ಮಾತ್ರವಲ್ಲ, ಆ ಚಪ್ಪಲಿಯನ್ನು ಕೋಲಿನಿಂದ ಎತ್ತಿ ಅಂಗಳಕ್ಕೆ ಎಸೆದಿದ್ದಳು. "ಈ ಮನಿಯಗೆ ನಾನ್ ಇಪ್ಪಲ್ಲಿವರಿಗ್ ಒಂದ್ ಚಪ್ಲಿ ಒಳ್ಗ್ ಬಪ್ಪುಕಾಗ" ಎಂದಿದ್ದಳು. ಸೊಸೆ ಅಂದಿನಿಂದ ಬರಿಗಾಲಲ್ಲೇ ಇದ್ದಾಳೆ. ಒಂದು ಮಾತು ಎದುರಾಡಿಲ್ಲ. ಆ ಒಂದು ಮಾತೂ ಆಡದ ಸೊಸೆಯ ಎದುರು ಅಕ್ಕ ಈಗ ಚಪ್ಪಲಿ ಹಾಕಿ ಅಡುಗೆಮನೆಗೆ ಹೇಗೆ ಹೋದಾಳು?

ಅಯ್ಯೋ ದೇವರೇ ಎನ್ನಿಸಿತು. ಏಣಿಯ ಹುಡುಗನ ಚಿತ್ರದಲ್ಲಿ ಅಡ್ಡಿ ಎಂಬ ಚೌಕ ಇತ್ತು, ಅದರಲ್ಲಿ ದೇವರ ಕೋಣೆಯನ್ನು ನಾನು ಸರಾಗವಾಗಿ ಬರೆದಿದ್ದೆ. ಅಲ್ಲಿ ಬರೆಯಬೇಕಾದದ್ದು ಸೊಸೆಯನ್ನು.

"ನೀನೇ ಮೊದ್ಲ್ ಹಾಯ್ಕೊ," ಎಂದೆ ನಾನು. "ನೀ ಹಾಯ್ಕಂಡ್ರೆ ಅವ್ಳೂ ಹಾಕ್ತ್ಳ್."

ಅವಳು ತಲೆ ಅಲ್ಲಾಡಿಸಿದಳು. "ಇಲ್ಲೆ ಚಿಕ್ಕಮ್ಮ. ಬಿಚ್ಚುಕ್ ಹೇಳ್ದೋರ್ ಅವ್ರ್. ಹಾಕುಕೂ ಅವ್ರೇ ಹೇಳ್ಕ್. ಒಂದ್ ಸರ್ತಿ ಹೇಳ್ಲಿ, ಸಾಕ್. ನಾನೇ ಅವ್ರ್ ಕಾಲಿಗ್ ಹಾಯ್ಕಿ ಕೊಡ್ತೆ."

ಅವಳಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಮುಂದಿನ ಸಲ ಅಕ್ಕನ ಹತ್ತಿರ ಕೂತು, ಸಿಟ್ಟು ಮಾಡದೆ, ಸೊಸೆಗೆ ಒಂದು ಮಾತು ಹೇಳಿಬಿಡು ಮಾರಾಯ್ತಿ ಎಂದೆ. ಅಕ್ಕ ಹಿತ್ತಲಲ್ಲಿ ಮೆಟ್ಟುಕತ್ತಿಯ ಮಣೆಯ ಮೇಲೆ ಕಾಲಿಟ್ಟು ಬಂಗುಡೆ ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅವ್ಳಿಗ್ ನಾನ್ ಹೇಳುದಾ? ನಾನ್ ಹೇಳ್ರೆ ಅವ್ಳ್ ನೆಗಾಡ್ತ್ಳ್."

"ನೆಗಾಡ್ರೆ ನೆಗಾಡ್ಲಿ. ಕಾಲ್ ಹೋದ್ರೆ?"

"ಹೋತಿಲ್ಲೆ," ಎಂದಳು. ಇನ್ನೊಂದು ಬಂಗುಡೆ ಎತ್ತಿಕೊಂಡು, "ಕಾಂಬ," ಎಂದಳು.

ಆ ಕಾಂಬ, ಅಂದರೆ ನೋಡೋಣ, ಎಂಬ ಮಾತನ್ನು ನಾನು ಹಿಡಿದುಕೊಂಡೆ. ಏಣಿಯ ಲೆಕ್ಕದಲ್ಲಿ ಅದು ಎರಡನೆಯ ಮೆಟ್ಟಿಲು, ಯೋಚನೆ ಬಂತು. ಅವಸರ ಮಾಡಬಾರದು, ಕಾಯಬೇಕು ಎಂದು ಕಲಿಸಿದ್ದರು. ನಾನು ಕಾದೆ. ಆ ಮಳೆಗಾಲವೆಲ್ಲ ಆ ಮನೆಯಲ್ಲಿ ಇಬ್ಬರು ಹೆಂಗಸರು ತಣ್ಣನೆಯ ಟೈಲ್ಸಿನ ಮೇಲೆ ಬರಿಗಾಲಲ್ಲಿ ಓಡಾಡಿದರು, ಹೊಸ ಚಪ್ಪಲಿಯ ಎರಡು ಜೋಡಿ ನಾನು ತಂದಿಟ್ಟ ಚೀಲದಲ್ಲೇ ಬಾಗಿಲ ಹಿಂದೆ ಇತ್ತು.

ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದವು. ಸೋಣೆ ತಿಂಗಳು, ಒಳ್ಳೆಯ ಮೀನು. ಅಕ್ಕ ದಿನಾ ಸಂಜೆ ಮಾರುಕಟ್ಟೆಯಿಂದ ಉಳಿದದ್ದನ್ನು ತಂದು ಹಿತ್ತಲಲ್ಲಿ ಕೊಯ್ದು, ತೊಳೆದು, ನೀರು ಸೋರುವ ಪಾತ್ರೆ ಹಿಡಿದು ಅಡುಗೆಮನೆಗೆ ಬರುತ್ತಿದ್ದಳು. ಬಾಗಿಲಿನಿಂದ ಕಟ್ಟೆಯ ತನಕ ಕೆಂಪು ನೀರಿನ ಹನಿ. ಸೊಸೆ ಹಿಂದೆಯೇ ಬಟ್ಟೆ ಹಿಡಿದು ಒರೆಸುತ್ತಿದ್ದಳು. ಮೀನಿನ ಮನೆಯಲ್ಲಿ ನೆಲದ ಮೇಲೆ ರಕ್ತ ಕಂಡರೆ ಯಾರೂ ಬೆಚ್ಚುವುದಿಲ್ಲ. ನಮ್ಮಮ್ಮನೂ ಒರೆಸಿದವಳೇ, ನಾನೂ ಒರೆಸಿದವಳೇ. ಹನಿ ಅಕ್ಕ ಮಲಗುವ ಕೋಣೆಯ ಬಾಗಿಲ ತನಕ ಹೋದ ದಿನವೂ ಸೊಸೆ ಪಾತ್ರೆ ಹೆಚ್ಚು ಸೋರಿತು ಅಂದುಕೊಂಡು ಒರೆಸಿದಳು.

ಆಮೇಲೆ ಸೋಣೆ ಮುಗಿಯುವ ಸಂಕ್ರಾಂತಿ ಬಂತು, ನಮ್ಮಲ್ಲಿ ಸಂಕ್ರಾಂತಿ ತಿಂಗಳಿಗೊಂದು. ಸಂಕ್ರಾಂತಿಯ ದಿನ ಆ ಮನೆಗೆ ಮೀನು ಬರುವುದಿಲ್ಲ, ಅಕ್ಕ ಮಾರುಕಟ್ಟೆಗೂ ಹೋಗುವುದಿಲ್ಲ. ನಾನು ಬೆಳಿಗ್ಗೆ ಬ್ರಹ್ಮಾವರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಫೋನು ಬಂತು. ಸೊಸೆಯದ್ದು.

"ಚಿಕ್ಕಮ್ಮ, ಇವತ್ತ್ ಸಂಕ್ರಾಂತಿ. ಮನಿಯಗೆ ಮೀನಿಲ್ಲೆ. ಆದ್ರೂ ನೆಲ್ದ್ ಮೇಲೆ ರಕ್ತ ಇತ್ತ್."

ನಾನು ಹೋಗುವಷ್ಟರಲ್ಲಿ ಅವಳು ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದ್ದಳು. ಅಕ್ಕನ ಮೈ ಸುಡುತ್ತಿತ್ತು. "ಎಂತ ಇಲ್ಲೆ, ಮಳಿ ಜ್ವರ," ಎನ್ನುತ್ತಿದ್ದಳು. ಕಾಲು ಎತ್ತಿ ಅಂಗಾಲು ನೋಡಿದೆ. ದೊಡ್ಡ ಮೀನಿನ ಬೆನ್ನಿನ ಮುಳ್ಳು ಒಳಗೆ ಮುರಿದು ಕೂತಿತ್ತು, ಸುತ್ತಲೂ ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಅದನ್ನು ಮೆಟ್ಟಿಕೊಂಡೇ ಅವಳು ಮಾರುಕಟ್ಟೆಗೆ ಹೋಗಿ ಬಂದಿದ್ದಳು, ಹೊಸ್ತಿಲಿಗೆ ಹೂವಿಟ್ಟಿದ್ದಳು, ಅಡುಗೆ ಮಾಡಿದ್ದಳು. ಒಂದಿಷ್ಟೂ ನೋವಾಗಿರಲಿಲ್ಲ. ಇಷ್ಟು ವರ್ಷ ಇದನ್ನೇ ಊರೂರಿಗೆ ಹೇಳಿದವಳು ನಾನು, ಆದರೂ ಮತ್ತೊಮ್ಮೆ ಬಗ್ಗಿ ನೋಡಿದೆ.

ಆಸ್ಪತ್ರೆಯಲ್ಲಿ ಅವರು ಮೊದಲು ಕಾದು ನೋಡಿದರು, ಔಷಧಿ ಹರಿಸಿದರು. ಆಮೇಲೆ ಡಾಕ್ಟರು ಹಿಂದೆ ಹೇಳಿದ್ದೇ ಆಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮಗ ಕಡಲಿನಿಂದ ಬಂದವನು ಬಟ್ಟೆಯನ್ನೂ ಬದಲಿಸದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಸೊಸೆ ಅಳಲಿಲ್ಲ. ಊಟ ಮಾಡಲೂ ಇಲ್ಲ. ಗೋಡೆಗೆ ಒರಗಿ ನಿಂತು ನನ್ನ ಹತ್ತಿರ ಒಂದೇ ಮಾತು ಹೇಳುತ್ತಿದ್ದಳು, "ನಾನ್ ಒರ್ಸಿದೆ ಚಿಕ್ಕಮ್ಮ. ನನ್ ಕೈಯ್ಯಗೇ ಒರ್ಸಿದೆ. ಮೀನಿಂದ್ ಅಂದೇಳಿ ಒರ್ಸಿದೆ."

ನಿನ್ನ ತಪ್ಪಲ್ಲ ಎಂದೆ. ಹೇಳುವವಳಿಗೇ ಅದು ಸಪ್ಪೆ ಎನ್ನಿಸಿತು. ನನ್ನ ಏಣಿಯ ಮೇಲೆ, ಆ ಹುಡುಗನ ಮೇಲೆ, ಕಾಯಬೇಕು ಎಂದು ಕಾದ ನನ್ನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು, ಆಮೇಲೆ ಸಿಟ್ಟು ಮಾಡಲೂ ದಣಿವಾಯಿತು. ನಾನು ಕ್ಯಾಂಟೀನಿಗೆ ಹೋಗಿ ಅವಳಿಗೆ ಇಡ್ಲಿ ಕಟ್ಟಿಸಿಕೊಂಡು ಬಂದೆ.

ಅಕ್ಕ ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು. ಹಾರ್ಲಿಕ್ಸ್, ಬಿಸ್ಕೆಟ್, ಬಾಳೆಹಣ್ಣು. ಎಲ್ಲರದ್ದೂ ಒಂದೇ ಪ್ರಶ್ನೆ, ಮುಳ್ಳು ಎಲ್ಲಿ ಹೊಕ್ಕಿತು. ಕೇಳುವಾಗ ಎಲ್ಲರ ಕಣ್ಣೂ ಒಮ್ಮೆ ಅಡುಗೆಮನೆಯ ಕಡೆ ಹೋಗಿ ಬರುತ್ತಿತ್ತು. ಮನೆಯಲ್ಲೇ ಇದ್ದ ಸೊಸೆಗೆ ಕಾಣಲಿಲ್ಲವೇ, ಅತ್ತೆಯ ಕಾಲು ಕೊಳೆಯುವ ತನಕ ಏನು ಮಾಡುತ್ತಿದ್ದಳು ಎಂದು ಬಾಯಿಬಿಟ್ಟು ಕೇಳದಿದ್ದರೂ ಗೊತ್ತಾಗುತ್ತಿತ್ತು. ಬಾವನ ಅಕ್ಕ ಒಬ್ಬಳು, ಬಾಯಿ ಸ್ವಲ್ಪ ಜೋರು, ಅಂದು ಕೇಳಿಯೇಬಿಟ್ಟಳು.

"ಹ್ವಾಯ್, ಮನಿಯಗೇ ಅಂಬ್ರಲೆ ಮುಳ್ಳ್ ಹೊಕ್ಕದ್? ಮನಿಯಗ್ ಇಪ್ಪರಿಗ್ ಕಣ್ಣಿಲ್ಯಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಅಕ್ಕ ಮಂಚದ ಮೇಲೆ ಕೂತಿದ್ದಳು, ಬ್ಯಾಂಡೇಜಿನ ಮೇಲೆ ಹೊದಿಕೆ ಎಳೆದುಕೊಂಡಿದ್ದಳು. "ಯಾರ್ ಹೇಳ್ದ್ ಮನಿಯಗೆ ಅಂದ್?" ಎಂದಳು. ಮಾರುಕಟ್ಟೆಯಲ್ಲಿ ಗಿರಾಕಿಯ ಜೊತೆ ಜಗಳಕ್ಕೆ ನಿಲ್ಲುವ ಸ್ವರ ಅದು. "ಮಾರ್ಕೆಟಗೆ ಹೊಕ್ಕದ್. ಚಪ್ಲಿ ತುಂಡಾಗಿತ್ತ್, ಬರಿಕಾಲಗೆ ಹೋಯಿದ್ದೆ. ನಾನೇ ಯಾರಿಗೂ ಹೇಳ್ಲಿಲ್ಲ. ಅವ್ಳಿಂದಾಯಿ ನನ್ ಜೀವ ಉಳ್ದದ್ದ್. ಬೇಕಾರೆ ಇವ್ಳನ್ನ್ ಕೇಣಿ, ಇದೇ ಕೆಲ್ಸ ಅಲ್ದಾ ಇವ್ಳದ್ದ್."

ಎಲ್ಲರೂ ನನ್ನ ಕಡೆ ತಿರುಗಿದರು. ಗಾಯ ಆಗುವುದು ಮನೆಯೊಳಗೇ, ಮನೆಯೊಳಗೇ ಎಂದು ಬ್ರಹ್ಮಾವರದಿಂದ ಬೈಂದೂರಿನ ತನಕ ಗಂಟಲು ಹರಿದುಕೊಂಡವಳು ನಾನು.

"ಹೌದ್," ಎಂದೆ. "ಮಾರ್ಕೆಟಗೇ."

ಬಾವನ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕ ಅಡುಗೆಮನೆಯ ಕಡೆ ಕುತ್ತಿಗೆ ತಿರುಗಿಸಿದಳು.

"ಹೆಣೆ," ಎಂದು ಸಲಿಗೆಯಿಂದ ಸೊಸೆಯನ್ನು ಕರೆದಳು. "ಇವ್ರಿಗೆಲ್ಲ ಚಾ ತಕಂಬಾ. ಆ ಬಾಗ್ಲ್ ಹಿಂದ್ ಚೀಲ ಇತ್ತಲೆ, ಅದ್ರಗಿದ್ ಚಪ್ಲಿ ಹಾಯ್ಕಂಡ್ ಬಾ. ನೆಲ ತಂಪಿತ್ತ್."

ಸೊಸೆ ಬಾಗಿಲಿಗೆ ಬಂದು ನಿಂತಳು, ಬರಿಗಾಲಲ್ಲಿ. ಆಸ್ಪತ್ರೆಯಲ್ಲಿ ಅಳದವಳು ಈಗ ಅಷ್ಟೂ ಜನರ ಎದುರು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

"ಅಳುದ್ ಮರ್ಕುದ್ ಎಲ್ಲ ಮತ್ತ್," ಎಂದಳು ಅಕ್ಕ. "ಮೊದ್ಲ್ ಹಾಯ್ಕೊ."